ತಿಥಿ ಮುಗಿದ ಮೇಲೆ ಗಂಡ ಹೆಂಡ್ತಿ

ಮೈಸೂರು ಮಂಡ್ಯ ಕಡೆಯ ಕೇಳುಗರಿಗೆಲ್ಲ ನಮಸ್ಕಾರ. ಮಗು ಕಳ್ಕೊಂಡ ಮನೇಲಿ ಆಮೇಲೆ ಗಂಡ ಹೆಂಡ್ತಿ ಮಧ್ಯೆ ಏನಾಗುತ್ತೆ ಅನ್ನೋದನ್ನ ಇವತ್ತು ಮಾತಾಡ್ಬೇಕು. ನಾನೂ ಮಗಳನ್ನ ಕಳ್ಕೊಂಡಿರೋ ಅಪ್ಪ, ಒಂಬತ್ತನೇ ಕ್ಲಾಸಲ್ಲಿದ್ಲು, ಜ್ವರ ಅಂತ ಮಲಗಿದೋಳು ಏಳ್ಲಿಲ್ಲ. ಅದಕ್ಕೇ ಈ ಮಾತಾಡೋಕೆ ಒಪ್ಕೊಂಡೆ.

ನಮ್ ಕಡೆ ಸಾವಿನ ಮನೆಗೆ ಜನ ಬರೋದಕ್ಕೇನೂ ಕೊರತೆ ಇಲ್ಲ. ಮೂರನೇ ದಿನ ಹಾಲು ತುಪ್ಪ ಬಿಡೋಗಂಟ ಅಕ್ಕಪಕ್ಕದೋರೇ ಊಟ ತಂದು ಬಲವಂತ ಮಾಡಿ ತಿನ್ನಿಸ್ತಾರೆ, ಆಮೇಲೆ ತಿಥಿ, ಕೆಲವರು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿ ಅಸ್ಥಿ ಬಿಟ್ಟು ಬರ್ತಾರೆ. ತೀರಾ ಚಿಕ್ಕ ಮಗು ಆದ್ರೆ ಎಷ್ಟೋ ಮನೆಗಳಲ್ಲಿ ಇಷ್ಟೂ ಇರಲ್ಲ, ಮಣ್ಣು ಮಾಡಿ ಬಂದ್ರೆ ಮುಗೀತು, ತಾಯೀನ ಅಲ್ಲಿಗೆ ಕರ್ಕೊಂಡೂ ಹೋಗಲ್ಲ. ಹೆತ್ತೋಳಿಗೆ ಆ ಜಾಗಾನೂ ತೋರಿಸ್ದೇ ಇರೋದು ನನಗಂತೂ ಸರಿ ಕಾಣಲ್ಲ, ಹಿರಿಯರು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ, ಹೇಳ್ತೀನಿ. ಶಾಮಿಯಾನ ಬಿಚ್ಚಿ, ನೆಂಟರೆಲ್ಲ ಬಸ್ ಹತ್ತಿದ ಮೇಲೆ ಮನೇಲಿ ಉಳಿಯೋರು ಇವರಿಬ್ರೇ.

ಆ ಇಬ್ರೂ ಒಂದೇ ಥರ ಅಳಲ್ಲ. ಅವಳು ಮಗು ಯೂನಿಫಾರಂ ಹಿಡ್ಕೊಂಡು ಕೂರ್ತಾಳೆ, ಆಸ್ಪತ್ರೆಯ ಕೊನೇ ರಾತ್ರೀನ ಮತ್ತೆ ಮತ್ತೆ ಹೇಳ್ತಾಳೆ. ಇವನಿಗೆ ಬೇರೆ ಕೆಲಸ ಬಿದ್ದಿರುತ್ತೆ, 21 ದಿನದೊಳಗೆ ಸಾವಿನ ನೋಂದಣಿ ಆಗ್ಬೇಕು, ಡೆತ್ ಸರ್ಟಿಫಿಕೇಟ್ ತರ್ಬೇಕು, ರೇಷನ್ ಕಾರ್ಡಿಂದ ಹೆಸರು ತೆಗೆಸ್ಬೇಕು, ಅಷ್ಟರಲ್ಲಿ ಕಬ್ಬು ಕಟಾವು ಬಂತು ಅಂತ ಗದ್ದೆಗೆ ಹೋಗ್ತಾನೆ. ಅವಳಿಗೆ ಅನ್ಸುತ್ತೆ ಈ ಮನುಷ್ಯಂಗೆ ಕರುಳೇ ಇಲ್ಲ ಅಂತ. ಇವನಿಗೆ ಮನೆಗೆ ಹೋಗೋಕೇ ಭಯ, ಟೀ ಅಂಗಡೀಲೇ ಕತ್ತಲಾಗೋವರೆಗೂ ಕೂತಿರ್ತಾನೆ. ಗದ್ದೆ ಬದೂನಲ್ಲಿ ಒಬ್ನೇ ಅತ್ತಿದ್ದನ್ನ ಹೆಂಡ್ತಿಗೆ ಹೇಳಿರಲ್ಲ. ಕೆಲವು ಮನೇಲಿ ಇದು ಉಲ್ಟಾನೂ ಇರುತ್ತೆ.

1999ರಲ್ಲಿ ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬ್, ಹೆಂಕ್ ಶೂಟ್ ಅನ್ನೋ ಇಬ್ಬರು ಸಂಶೋಧಕರು ಬರೆದಿದ್ದು ನನಗೆ ತುಂಬಾ ಉಪಯೋಗಕ್ಕೆ ಬಂತು. ದುಃಖದಲ್ಲಿರೋರು ಎರಡು ಕಡೆ ಓಡಾಡ್ತಿರ್ತಾರಂತೆ, ಸ್ವಲ್ಪ ಹೊತ್ತು ಹೋದೋರ ನೆನಪಲ್ಲಿ, ಸ್ವಲ್ಪ ಹೊತ್ತು ಮುಂದಿನ ಬದುಕಿನ ಕೆಲಸದಲ್ಲಿ, ಎರಡೂ ಬೇಕು ಅಂತ. ನಾನು ಆಚೆ ಇದ್ದಾಗ ನನ್ನ ಹೆಂಡ್ತಿ ಈಚೆ ಇದ್ಲು, ಅಷ್ಟೇ. ದುಃಖಕ್ಕೆ ಐದು ಹಂತ ಅಂತ ವಾಟ್ಸಾಪಲ್ಲಿ ಬರುತ್ತಲ್ಲ, ಅದು 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್ ರಾಸ್ ಅನ್ನೋ ಡಾಕ್ಟರು ಸಾವಿನ ಹತ್ರ ಇದ್ದ ರೋಗಿಗಳ ಜೊತೆ ಮಾತಾಡಿ ಬರೆದಿದ್ದು, ಮಗು ಕಳ್ಕೊಂಡೋರು ನಾಲ್ಕನೇ ಹಂತದಲ್ಲಿದೀವಾ ಐದನೇದಾ ಅಂತ ಲೆಕ್ಕ ಹಾಕ್ಕೊಂಡು ಕೂರ್ಬೇಕಾಗಿಲ್ಲ.

ಮಾತಾಡ್ಕೋಬೇಕು, ಆದ್ರೆ ಇಬ್ರಿಗೂ ಶಕ್ತಿ ಇದ್ದಾಗ. ಇವತ್ತು ಆಗಲ್ಲ ಕಣೆ, ನಾಳೆ ಕೂತ್ಕೋತೀನಿ ಅಂದ್ರೆ ಅದೂ ಒಂದು ಉತ್ತರಾನೇ, ಎದ್ದು ಹೊರಗೆ ಹೋಗ್ಬಿಟ್ರೆ ಅವಳಿಗೆ ಏನೂ ಗೊತ್ತಾಗಲ್ಲ. ಮೊದಲನೇ ಯುಗಾದಿ, ಹೊಸತೊಡಕು, ಮಗು ಹುಟ್ಟಿದ ದಿನ, ಇವಕ್ಕೆಲ್ಲ ಏನ್ಮಾಡೋದು ಅಂತ ಮುಂಚೇನೇ ಇಬ್ರೂ ಕೂತು ತೀರ್ಮಾನ ಮಾಡ್ಕೊಳಿ. ಛತ್ರದಲ್ಲಿ ಯಾರಾದ್ರೂ ಎಷ್ಟು ಜನ ಮಕ್ಕಳು ಅಂತ ಕೇಳೇ ಕೇಳ್ತಾರೆ, ನನ್ನ ಹೆಂಡ್ತಿ ಹೋದ ಮಗಳನ್ನೂ ಸೇರಿಸಿ ಇಬ್ರು ಅಂತಾಳೆ, ನಾನೂ ಈಗ ಇಬ್ರು ಅಂತೀನಿ. ಉಳಿದ ಮಗು ಚಿಕ್ಕದಿದ್ರೆ ಅಕ್ಕ ಮಲಗಿದಾಳೆ, ಊರಿಗೆ ಹೋಗಿದಾಳೆ ಅಂತ ಹೇಳ್ಬೇಡಿ, ಆಮೇಲೆ ಅದಕ್ಕೆ ಮಲಗೋಕೇ ಹೆದರಿಕೆ ಆಗ್ಬೋದು, ಸತ್ತೋದ್ಲು ಕಂದ, ಇನ್ನು ಬರಲ್ಲ, ಇದ್ರಲ್ಲಿ ನಿಂದೇನೂ ತಪ್ಪಿಲ್ಲ ಅಂತ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿ. ಇನ್ನೊಂದು ಮಗು ಮಾಡ್ಕೊಳಿ ಎಲ್ಲಾ ಸರಿಹೋಗುತ್ತೆ ಅನ್ನೋ ನೆಂಟರಿಗೆ ಕೈ ಮುಗಿದು ಕೇಳ್ಕೋತೀನಿ, ಆ ಮಾತು ಬೇಡ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟೀಲಿ ಈಗ ಮುಗಿಯದ ತೀವ್ರ ದುಃಖವನ್ನೂ ಸೇರಿಸಿದಾರೆ, ಆರು ತಿಂಗಳಿಗಿಂತ ಜಾಸ್ತಿ, ದಿನದ ಬದುಕೇ ನಡೆಯದ ಹಾಗೆ ಇದ್ರೆ ಅಂತ. ವರ್ಷ ಕಳೆದ್ರೂ ಅಳೋರೆಲ್ಲ ರೋಗಿಗಳು ಅಂತ ಅಲ್ಲ. ಆದ್ರೆ ಊಟ ನಿದ್ದೆ ಪೂರ್ತಿ ಕೆಟ್ಟಿದ್ರೆ, ಕುಡಿತ ಹೆಚ್ಚಾಗಿದ್ರೆ ಡಾಕ್ಟರ ಹತ್ರ ಹೋಗಿ, ಮೈಸೂರಿನ ಕೆ.ಆರ್. ಆಸ್ಪತ್ರೇಲೂ ಮಂಡ್ಯದ ಮಿಮ್ಸಲ್ಲೂ ಮನೋವೈದ್ಯರು ಇದಾರೆ. ನಾನೂ ಹೋಗ್ಬಿಡ್ತೀನಿ ಅವಳ ಹತ್ರ ಅನ್ನೋ ಯೋಚನೆ ಬಂದ್ರಂತೂ ಒಂದು ದಿನಾನೂ ಕಾಯ್ಬೇಡಿ, 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅಂತ ಸರ್ಕಾರದ್ದು, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಅಕ್ಕಪಕ್ಕದೋರಿಗೆ ಒಂದು ಮಾತು. ತಿಥಿಯಾಗಿ ಮೂರು ತಿಂಗಳು, ಆರು ತಿಂಗಳಾದ ಮೇಲೂ ಆ ಮನೆಗೆ ಹೋಗಿ. ಅಪ್ಪ ಸಿಕ್ರೆ ನಿನ್ ಹೆಂಡ್ತಿ ಹೆಂಗವ್ಳೆ ಅಂತ ಕೇಳ್ತೀರಲ್ಲ, ಜೊತೇಲಿ ನೀನ್ ಹೆಂಗಿದ್ಯಪ್ಪ ಅಂತಾನೂ ಕೇಳಿ, ಅವನು ಉತ್ತರ ಹೇಳೋಗಂಟ ಅಲ್ಲೇ ಇರಿ. ನಮಸ್ಕಾರ.