ನುಣ್ಣಗೆ ಮಾಡಿದ್ರೂ ಶಾಟ್ ಬೇಗ ಓಡ್ತಿದೆಯಾ? ಮೊದಲು ತೂಕ ನೋಡಿ

ಕಾಫಿ ಗ್ರೈಂಡರನ್ನ ಒಂದು ಹಂತ ನುಣ್ಣಗೆ ಮಾಡಿದ್ರಿ. ಶಾಟ್, ಅಂದ್ರೆ ಒಂದು ಸಲಕ್ಕೆ ಇಳಿಸೋ ಎಸ್ಪ್ರೆಸೊ, ನಿಧಾನವಾಗಿ ಇಳೀಬೇಕಿತ್ತು, ಮೊದಲಿಗಿಂತ ಬೇಗ ಇಳೀತು. ಸಿಟ್ಟಲ್ಲಿ ಇನ್ನೆರಡು ಹಂತ ತಿರುಗಿಸಿದ್ರಿ. ಈಗ ಒಂದು ಹನಿ ಕೂಡ ಬರ್ತಿಲ್ಲ. ಇಷ್ಟಾದ ಮೇಲೆ ಹೆಚ್ಚಿನವರು ಹೊಸ ಗ್ರೈಂಡರ್ ಹುಡುಕೋಕೆ ಕೂತ್ಕೋತಾರೆ. ನಾನು ಹೇಳೋದು ಇಷ್ಟೇ: ಕೈಯಲ್ಲಿರೋ ಗ್ರೈಂಡರ್ ಬಹುಪಾಲು ಸರಿಯಾಗೇ ಇರುತ್ತೆ. ಅಳತೆ ಮಾಡದೆ ಡಯಲ್ ತಿರುಗಿಸೋದು ತಪ್ಪು.

ನುಣ್ಣಗೆ ಮಾಡಿದಾಗ ಶಾಟ್ ಬೇಗ ಓಡೋದು ಹೇಗೆ? ಮೂರು ದಾರಿ ಇದೆ, ಮೂರೂ ಬೇರೆ ಬೇರೆ.

ಟೈಮರ್ ಇರೋ ಗ್ರೈಂಡರ್ ಆದ್ರೆ ಮೊದಲ ಅನುಮಾನ ಪುಡಿಯ ತೂಕದ ಮೇಲೆ. ಬೀಜ ಅರೆಯೋ ಹಲ್ಲಿನ ಜೋಡಿಗೆ ಬರ್ ಅಂತಾರೆ. ಬರ್‌ಗಳ ನಡುವಿನ ಸಂದು ಕಿರಿದಾದಷ್ಟೂ ಒಂದು ಸೆಕೆಂಡಿಗೆ ಹೊರಬರೋ ಪುಡಿ ಕಡಿಮೆ ಆಗುತ್ತೆ. ನೆನ್ನೆ 8 ಸೆಕೆಂಡಿಗೆ 18 ಗ್ರಾಂ ಬರ್ತಿದ್ದಿದ್ದು ಇವತ್ತು 17 ಬಂದಿರಬಹುದು. ಒಂದು ಗ್ರಾಂ ಕಡಿಮೆ ಅಂದ್ರೆ ಪುಡಿ ತುಂಬೋ ಬಾಸ್ಕೆಟ್‌ನಲ್ಲಿ ಪುಡಿಯ ಪದರ ತೆಳು, ನೀರಿಗೆ ತಡೆ ಕಡಿಮೆ. ನೀವು ನುಣ್ಣಗೆ ಮಾಡಿ ಗಳಿಸಿದ್ದನ್ನ ತೂಕ ಕಳೆದುಬಿಡ್ತು. ಹಾಪರ್‌ನಲ್ಲಿ, ಅಂದ್ರೆ ಮೇಲಿನ ಬೀಜದ ಡಬ್ಬಿಯಲ್ಲಿ, ಬೀಜ ಖಾಲಿಯಾಗ್ತಾ ಬಂದಾಗಲೂ ಇದೇ ಕಥೆ, ಮೇಲಿಂದ ಒತ್ತೋ ಭಾರ ಇಲ್ಲದೆ ಬೀಜ ಬರ್ ಮೇಲೆ ಕುಣೀತಿರುತ್ತೆ. 0.1 ಗ್ರಾಂ ತೋರಿಸೋ ಸ್ಕೇಲ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಎರಡನೇದು ಹಳೇ ಪುಡಿ. ಬರ್‌ನಿಂದ ಹೊರಗೆ ಬೀಳೋ ಕೊಳವೆಯವರೆಗೆ ಕೆಲವು ಗ್ರೈಂಡರ್‌ಗಳಲ್ಲಿ ಎರಡು ಮೂರು ಗ್ರಾಂ, ಕೆಲವದರಲ್ಲಿ ಅದಕ್ಕೂ ಹೆಚ್ಚು ಪುಡಿ ಸಿಕ್ಕಿಕೊಂಡಿರುತ್ತೆ. ಡಯಲ್ ಬದಲಿಸಿದ ತಕ್ಷಣ ಬರೋದು ಹಳೇ ಹಂತದ್ದೂ ಹೊಸದೂ ಕಲಸಿದ ಪುಡಿ. ಅದನ್ನ ನೋಡಿ ಮತ್ತೆ ತಿರುಗಿಸಿದ್ರೆ ಎರಡು ಬದಲಾವಣೆ ಒಟ್ಟಿಗೆ ತಲೆ ಮೇಲೆ ಬೀಳುತ್ತೆ. ಮೇಲೆ ಹೇಳಿದ ಹನಿಯೂ ಬರದ ಶಾಟ್ ಹುಟ್ಟೋದು ಹೀಗೇ. ಪ್ರತಿ ಬದಲಾವಣೆ ಆದ ಮೇಲೆ 3ರಿಂದ 5 ಗ್ರಾಂ ಅರೆದು ಚೆಲ್ಲಿ. ದಂಡ ಅನ್ನಿಸುತ್ತೆ, ಆದ್ರೆ ಚೆಲ್ಲದೇ ಇದ್ರೆ 18 ಗ್ರಾಂ ಪೂರ್ತಿ ದಂಡ.

ಮೂರನೇದು ನಿಜವಾಗಿಯೂ ಅತಿ ನುಣ್ಣಗಾಗಿರೋದು. ಪುಡಿ ಗಂಟುಗಂಟಾಗಿ, ನೀರು ಎಲ್ಲೋ ಒಂದು ಕಡೆ ಬಿರುಕು ಮಾಡಿಕೊಂಡು ನುಗ್ಗುತ್ತೆ. ಕಪ್‌ನಲ್ಲಿ ಹುಳಿಯೂ ಇರುತ್ತೆ, ಕಹಿಯೂ ಇರುತ್ತೆ. 0.4 ಮಿಲಿಮೀಟರ್ ದಪ್ಪದ ಸೂಜಿಗಳಿಂದ ಪುಡಿಯನ್ನ ತಳದವರೆಗೂ ಕೆದಕಿ, ಸಮ ಮಾಡಿ, ನೇರವಾಗಿ ಟ್ಯಾಂಪ್ ಮಾಡಿ, ಅಂದ್ರೆ ಒತ್ತಿ ಗಟ್ಟಿ ಮಾಡಿ. ಆಗಲೂ ಚಿಮ್ಮಿದ್ರೆ ಒಂದು ಹಂತ ತರಿ ಮಾಡಿ.

ಅಳತೆಗೆ ಒಂದು ನೆಲೆ ಇಟ್ಕೊಳ್ಳಿ: 18 ಗ್ರಾಂ ಪುಡಿ, ಕಪ್‌ಗೆ 36 ಗ್ರಾಂ, 25ರಿಂದ 30 ಸೆಕೆಂಡ್. ಇದೇನು ಶಾಸನ ಅಲ್ಲ. ತೂಕ ಎರಡನ್ನೂ ಕಟ್ಟಿಹಾಕಿ, ಸಮಯ ಒಂದನ್ನೇ ಗಮನಿಸಿದ್ರೆ ಅದು ಗ್ರೈಂಡ್ ಬಗ್ಗೆ ನಿಜ ಹೇಳುತ್ತೆ. ಕೊನೇ ಮಾತು ನಾಲಿಗೇದು.

ಇನ್ನು ಡಯಲ್ ಮೇಲಿನ ನಂಬರ್. "ನಾನು 12ರಲ್ಲಿ ಅರೀತೀನಿ, ನೀವು?" ಅನ್ನೋ ಪ್ರಶ್ನೆಗೆ ಅರ್ಥವೇ ಇಲ್ಲ. ಒಂದೇ ಮಾಡೆಲ್‌ನ ಎರಡು ಗ್ರೈಂಡರ್‌ಗಳಲ್ಲಿ ಬರ್ ಒಂದಕ್ಕೊಂದು ತಾಗೋ ಜಾಗ ಬೇರೆ ಬೇರೆ ಇರಬಹುದು. ಆ ಜಾಗವೇ ಸೊನ್ನೆ. ಅದನ್ನ ಹುಡುಕೋಕೆ ಬೀಜ ಖಾಲಿ ಮಾಡಿ, ಒಳಗೆ ಬ್ರಷ್ ಆಡಿಸಿ, ಮೋಟರ್ ಓಡ್ತಿರುವಾಗ ನಿಧಾನವಾಗಿ ನುಣ್ಣಗಿನ ಕಡೆಗೆ ತಿರುಗಿಸಿ. ಸಣ್ಣಗೆ ಚಿರ್ ಅಂತ ಲೋಹ ತಾಗಿದ ಸದ್ದು ಬಂದ ಕ್ಷಣ ಹಿಂದಕ್ಕೆ ಬನ್ನಿ. ಆ ಜಾಗ ಗುರುತು ಹಾಕಿಕೊಳ್ಳಿ. ಎಸ್ಪ್ರೆಸೊ ಅಲ್ಲಿಂದ ಸ್ವಲ್ಪವೇ ತರಿ ಕಡೆಗೆ ಇರುತ್ತೆ.

ಬೀಜ ತುಂಬಿರುವಾಗ ಮೋಟರ್ ನಿಲ್ಲಿಸಿಟ್ಟು ಮಾತ್ರ ನುಣ್ಣಗೆ ಮಾಡ್ಬೇಡಿ. ಸಂದಿನಲ್ಲಿ ಸಿಕ್ಕಿದ ಚೂರುಗಳು ಹಿಸುಕಿಕೊಂಡು ಮುಂದಿನ ಸಲ ಮೋಟರ್ ಗೊಂಯ್ ಅಂತ ನಿಂತುಬಿಡುತ್ತೆ. ನಿಂತ್ರೆ ಸ್ವಿಚ್ ಒತ್ತುತ್ತಾ ಕೂರ್ಬೇಡಿ, ಪ್ಲಗ್ ಕೀಳಿ, ಪೂರ್ತಿ ತರಿ ಕಡೆಗೆ ಸಡಿಲಿಸಿ, ಮೇಲಿನ ಬರ್ ತೆಗೆದು ಬ್ರಷ್‌ನಿಂದ ಚೂರು ತೆಗೀರಿ. ನೀರು ಬೇಡ, ಉಕ್ಕಿನ ಬರ್ ತುಕ್ಕು ಹಿಡಿಯುತ್ತೆ.

ಬಿಚ್ಚಿದಾಗ ಎಲ್ಲರೂ ಹಲ್ಲುಗಳನ್ನ ಉಜ್ಜಿ ಹೊಳೆಯಿಸ್ತಾರೆ, ಬರ್ ಕೂರೋ ತಳವನ್ನ ಮರೀತಾರೆ. ಅಲ್ಲಿ ಎಣ್ಣೆ ಜಿಡ್ಡಿನ ಪುಡಿ ಒಂದು ಚೂರು ಉಳಿದ್ರೂ ಬರ್ ಓರೆಯಾಗಿ ಕೂರುತ್ತೆ. ಒಂದು ಪಕ್ಕ ತಾಗ್ತಿರುತ್ತೆ, ಎದುರು ಪಕ್ಕ ಸಂದು ಬಿಟ್ಟಿರುತ್ತೆ, ಎಷ್ಟು ತಿರುಗಿಸಿದ್ರೂ ಪುಡಿ ಸಮ ಬರಲ್ಲ. ಚಪ್ಪಟೆ ಬರ್ ಆದ್ರೆ ಪರೀಕ್ಷೆ ಸುಲಭ. ಪ್ಲಗ್ ಕಿತ್ತು, ಹೊರ ಅಂಚಿನ ಸಮತಟ್ಟು ಭಾಗಕ್ಕೆ ವೈಟ್‌ಬೋರ್ಡ್ ಮಾರ್ಕರ್ ಹಚ್ಚಿ, ತಾಗೋವರೆಗೂ ಬಿಗಿಮಾಡಿ, ಕೈಯಲ್ಲೇ ತಿರುಗಿಸಿ, ಬಿಚ್ಚಿ ನೋಡಿ. ಸುತ್ತಲೂ ಬಣ್ಣ ಅಳಿಸಿದ್ರೆ ಸರಿ ಇದೆ. ಒಂದೇ ಕಡೆ ಅಳಿಸಿದ್ರೆ, ಅಳಿಸದ ಕಡೆ ಬರ್ ತಗ್ಗಿದೆ ಅಂತ. ಮೊದಲು ತಳ ಒರೆಸಿ ಮತ್ತೆ ಪರೀಕ್ಷಿಸಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತೆ. ಮುಗೀದಿದ್ರೆ ತಗ್ಗಿದ ಕಡೆ ಬರ್ ಕೆಳಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನ ಸಣ್ಣ ಚೂರು ಇಡಿ. ಸ್ಕ್ರೂಗಳನ್ನ ಒಂದೊಂದಾಗಿ ಪೂರ್ತಿ ಬಿಗಿಯೋದಲ್ಲ, ಸುತ್ತಿ ಬಂದು ಸ್ವಲ್ಪ ಸ್ವಲ್ಪ. ಆಮೇಲೆ ಸೊನ್ನೆ ಮತ್ತೆ ಹುಡುಕಿ, ಅದು ಸರಿದಿರುತ್ತೆ.

ಪುಡಿ ಎಲ್ಲೆಂದರಲ್ಲಿ ಅಂಟೋದು, ಹಾರೋದು ಸ್ಥಾಯಿ ವಿದ್ಯುತ್ತಿನ ಕಾಟ. ಒಂದು ಶಾಟಿಗಾಗುವಷ್ಟೇ ಬೀಜ ಅಳೆದು ಹಾಕೋರು ಅದಕ್ಕೆ ಒಂದು ಸಲ ನೀರು ಸ್ಪ್ರೇ ಮಾಡಿ ಕಲಕಿ ಹಾಕಿದ್ರೆ ಸಾಕು. ಹಾಪರ್‌ನಲ್ಲಿರೋ ಬೀಜಕ್ಕೆ ಇದನ್ನ ಮಾಡ್ಬೇಡಿ.

ಹಂತಗಳ ನಡುವೆ ಅಂತರ ಜಾಸ್ತಿ ಇರೋ ಗ್ರೈಂಡರ್‌ನಲ್ಲಿ ಒಂದು ಹಂತಕ್ಕೆ 20 ಸೆಕೆಂಡ್, ಮುಂದಿನದಕ್ಕೆ 36 ಬರಬಹುದು. ಆಗ 20ರ ಹಂತದಲ್ಲೇ ಇದ್ದು ಪುಡಿಯನ್ನ 0.3ರಿಂದ 0.5 ಗ್ರಾಂ ಹೆಚ್ಚಿಸ್ತಾ ನೋಡಿ, ಬಾಸ್ಕೆಟ್‌ನಲ್ಲಿ ಜಾಗ ಇರೋವರೆಗೆ.

ಇಷ್ಟೆಲ್ಲ ಆದ ಮೇಲೂ ತಾಗೋ ಜಾಗದ ಪಕ್ಕಕ್ಕೇ ಹೋದ್ರೂ ಶಾಟ್ ಓಡ್ತಿದೆ ಅಂದ್ರೆ, ಮೊದಲು ಬೀಜ ಬದಲಿಸಿ ನೋಡಿ, ಹುರಿದು ಬಹಳ ದಿನ ಆದ ಬೀಜಕ್ಕೆ ಯಾವ ಬರ್ ಸಾಕಾಗಲ್ಲ. ಹೊಸ ಬೀಜಕ್ಕೂ ಅದೇ ಆದ್ರೆ ಪ್ಲಗ್ ಕಿತ್ತು ಹಲ್ಲಿನ ಅಂಚಿಗೆ ಉಗುರು ಆನಿಸಿ ಎಳೀರಿ. ಹೆರೆಯದೆ ಜಾರಿದ್ರೆ ಬರ್ ಸವೆದಿದೆ. ಆಗಲೂ ಕೊಳ್ಳಬೇಕಾಗಿರೋದು ಬರ್ ಜೋಡಿ, ಗ್ರೈಂಡರ್ ಅಲ್ಲ. ಹೊಸ ಬರ್ ಮೊದಲ ಕೆಲವು ಕಿಲೋ ಬೀಜದವರೆಗೂ ಸೆಟ್ಟಿಂಗ್ ಸರಿಸ್ತಾ ಇರುತ್ತೆ, ಅದನ್ನ ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸ್ಬೇಡಿ.