ಸಾವಿರ ಅಡಿ ಕೆಳಗೆ ಏನಿದೆ?

ಕೇಳುಗರಿಗೆ ನಮಸ್ಕಾರ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ರೈತರು ಸೇರಿದರೆ ಮಾತು ಬೋರ್‌ವೆಲ್ ಕಡೆಗೇ ತಿರುಗುತ್ತದೆ. ಎಷ್ಟು ಅಡಿ ಕೊರೆಸಿದ್ರಿ, ಎಷ್ಟು ಇಂಚು ನೀರು ಬಂತು? ಒಂದು ಕಾಲಕ್ಕೆ ಎತ್ತು ಕಟ್ಟಿ ಕಪಿಲೆಯಲ್ಲಿ ನೀರೆತ್ತುತ್ತಿದ್ದ ಸೀಮೆ ಇದು. ಈಗ ಸಾವಿರ ಅಡಿ ದಾಟಿದರೂ ಬರೀ ಧೂಳು ಬರುವುದುಂಟು. ಮಳೆ ಕೈಕೊಟ್ಟಿತು ಅಂತಾರೆ. ಅದಷ್ಟೇ ಕಾರಣ ಅಲ್ಲ.

ನಮ್ಮ ಕಾಲ ಕೆಳಗಿನ ಕಲ್ಲನ್ನು ಸ್ವಲ್ಪ ನೋಡೋಣ. ಸುಮಾರು 250ರಿಂದ 300 ಕೋಟಿ ವರ್ಷ ಹಳೆಯ ಗಟ್ಟಿ ಕಲ್ಲು ಅದು. ಮರಳಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಮಳೆಹನಿ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಇಳಿಯುತ್ತದೆ, ಮಣ್ಣಿನಲ್ಲಿ ಬೇರು ಮತ್ತು ಸೂಕ್ಷ್ಮಜೀವಿಗಳು ಬಿಡುವ ಅದೇ ಅನಿಲವೂ ಸೇರಿ ನೀರಿಗೆ ಸ್ವಲ್ಪ ಹುಳಿ ಬರುತ್ತದೆ, ಆ ನೀರು ಲಕ್ಷಾಂತರ ವರ್ಷ ಕಲ್ಲನ್ನು ಮೆತ್ತಗೆ ಮಾಡುತ್ತಾ ಬಂದು ಮೇಲ್ಗಡೆ ಒಂದು ಸಡಿಲ ಪದರ ಆಗಿದೆ. ಕಲ್ಲು, ನೀರು, ಗಾಳಿ, ಜೀವ ನಾಲ್ಕೂ ಸೇರಿ ಮಾಡಿದ ಕೆಲಸ. ಹಳೇ ತೆರೆದ ಬಾವಿಗಳಿಗೆ ನೀರು ಕೊಟ್ಟಿದ್ದು ಈ ಪದರವೇ. ಒಳ್ಳೆ ಮಳೆಯಾದರೆ ಅದು ಮತ್ತೆ ತುಂಬುತ್ತದೆ.

ಅದರ ಕೆಳಗೆ ಗಟ್ಟಿ ಕಲ್ಲು, ನೀರು ಇರುವುದು ಅದರ ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಬಿರುಕು ಸಾಮಾನ್ಯವಾಗಿ ಕಡಿಮೆ, ನೀರೂ ಕಡಿಮೆ. ಅಲ್ಲಿ ಸಿಗುವುದು ಎಷ್ಟೋ ಕಾಲದ ಹಿಂದೆ ಇಳಿದ ನೀರು, ಒಂದು ಮಳೆಗಾಲದಲ್ಲಿ ವಾಪಸ್ ಬರುವುದಲ್ಲ. ಕಲ್ಲಿನ ಜೊತೆ ಜಾಸ್ತಿ ಕಾಲ ಇದ್ದುದರಿಂದ ಅದರಲ್ಲಿ ಫ್ಲೋರೈಡ್ ಕೂಡ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನೇ ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಿಗೆ ಕೀಲು ಮೂಳೆ ಬಿಗಿತ. ಇದನ್ನು ನೋಡಿಯೂ ಇನ್ನೂ ಇನ್ನೂರು ಅಡಿ ಇಳಿಸೋಣ ಅನ್ನುವುದು ನನಗೆ ನಿಜವಾಗಲೂ ಸಂಕಟದ ವಿಷಯ.

ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಪಾಲಾರ್, ಪಿನಾಕಿನಿಗಳಲ್ಲಿ ನೀರು ಕಾಣುವುದು ಮಳೆ ಜೋರಾದಾಗ ಮಾತ್ರ. ಅದಕ್ಕೇ ಹಿರಿಯರು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನದು ತುಂಬಬೇಕು. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚಲು ನೀರುಗಂಟಿ ಇರುತ್ತಿದ್ದ. ಬೇಸಿಗೆಯಲ್ಲಿ ರೈತರು ಕೆರೆಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದರು, ಹೊಲಕ್ಕೆ ಗೊಬ್ಬರ ಸಿಕ್ಕಿತು, ಕೆರೆ ಹೂಳೂ ಹೋಯಿತು. ಬೋರ್‌ವೆಲ್ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ರಾಜಕಾಲುವೆ ಒತ್ತುವರಿಯಾಯಿತು, ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು, ದಿನ್ನೆ ಹೊಲಗಳಿಗೆ ನೀಲಗಿರಿ ಬಂತು.

2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೆ.ಸಿ. ವ್ಯಾಲಿ, ಅಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ಬತ್ತಿದ್ದ ಎಷ್ಟೋ ಬೋರ್‌ವೆಲ್‌ಗಳಿಗೆ ಜೀವ ಬಂದಿದೆ, ಆ ಸಂತೋಷ ಸಣ್ಣದಲ್ಲ. ಆದರೆ ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಅಂತ ಅಲ್ಲಿನ ಜನ ಕೇಳುತ್ತಿರುವುದು ಸುಮ್ನೆ ಅಲ್ಲ. ದಪ್ಪ ಮರಳಿನ ಪದರ ಸೋಸುವ ಹಾಗೆ ಕಲ್ಲಿನ ಬಿರುಕು ನೀರನ್ನು ಸೋಸುವುದಿಲ್ಲ. ಕೆರೆಗೆ ಏನು ಬಿಡುತ್ತೇವೋ ಅದರಲ್ಲಿ ಬಹಳಷ್ಟು ಬಾವಿಗೂ ಇಳಿಯಬಹುದು, ಅದೇ ನೀರನ್ನು ಊರು ಕುಡಿಯಬೇಕು.