ಎರಡು ಪುಟದಲ್ಲಿ ಒಂದು ಪ್ರೇಮಕಥೆ

ನಮಸ್ಕಾರ. ಮೇಜಿನ ಮೇಲೆ ಕಾಣುತ್ತಿರುವ ರಾಶಿ ಹಳೆಯ ವಾರಪತ್ರಿಕೆಗಳದ್ದು. ಸುಧಾ, ತರಂಗ, ಮಂಗಳ, ಕರ್ಮವೀರ. ಪಕ್ಕದಲ್ಲಿರುವುದು ಮಾಸಿಕಗಳು: ಮಯೂರ, ತುಷಾರ, ಕಸ್ತೂರಿ. ಸುಧಾ ಶುರುವಾಗಿದ್ದು 1965ರಲ್ಲಿ, ಮಯೂರ 1968ರಲ್ಲಿ, ತುಷಾರ 1973ರಲ್ಲಿ, ತರಂಗ 1983ರಲ್ಲಿ. ಅಷ್ಟು ವರ್ಷಗಳಿಂದ ಇವುಗಳಲ್ಲಿ ಪ್ರೇಮಕಥೆಗಳು ಬರುತ್ತಲೇ ಇವೆ. ಇವತ್ತಿನ ವಿಡಿಯೊ ಅಂಥ ಒಂದು ಕಥೆ ಬರೆಯುವುದರ ಬಗ್ಗೆ. ಕಾದಂಬರಿಯ ಮಾತಲ್ಲ, ಎರಡು ಪುಟದಲ್ಲಿ, ಒಂದು ಚಿತ್ರದ ಜೊತೆ ಅಚ್ಚಾಗುವ ಸಣ್ಣ ಕಥೆಯ ಮಾತು.

ನಾವು ಪ್ರೇಮಕಥೆ ಓದುವುದನ್ನು ಕಲಿತಿದ್ದು ಹೆಚ್ಚಾಗಿ ಧಾರಾವಾಹಿಗಳಿಂದ. ವಾರ ವಾರ ಕಾಯುವುದು, ಪತ್ರಿಕೆ ಬಂದ ಕೂಡಲೇ ಆ ಪುಟ ತೆರೆಯುವುದು, ಅಮ್ಮ ಓದಿ ಮುಗಿಸುವವರೆಗೆ ಪಕ್ಕದಲ್ಲಿ ಕೂರುವುದು. ಧಾರಾವಾಹಿಗೆ ಕಾಯಿಸುವುದೇ ಶಕ್ತಿ. ಹುಡುಗ ಹುಡುಗಿ ಎರಡನೇ ವಾರ ಭೇಟಿಯಾಗಿ, ಎಂಟನೇ ವಾರ ಜಗಳವಾಡಿ, ಇಪ್ಪತ್ತನೇ ವಾರಕ್ಕೆ ಒಂದಾದರೂ ನಡೆಯುತ್ತದೆ. ಇದೇ ಅಭ್ಯಾಸ ಇಟ್ಟುಕೊಂಡು ಸಣ್ಣ ಕಥೆಗೆ ಕೂತರೆ ತೊಂದರೆ. ಭೇಟಿ, ಮಳೆ, ಅಪಾರ್ಥ, ಕಣ್ಣೀರು, ಮದುವೆ ಎಲ್ಲ ಎರಡು ಪುಟದಲ್ಲಿ ತುರುಕಬೇಕಾಗುತ್ತದೆ. ಕೊನೆಗೆ ಉಳಿಯುವುದು ಧಾರಾವಾಹಿಯ ಸಾರಾಂಶ. ಓದುಗರಿಗೆ ಏನಾಯಿತು ಅಂತ ಗೊತ್ತಾಗುತ್ತದೆ, ಆದರೆ ಯಾರ ಜೊತೆಗೂ ಒಂದು ನಿಮಿಷ ಕೂತ ಹಾಗೆ ಆಗುವುದಿಲ್ಲ.

ಎರಡು ಪುಟಕ್ಕೆ ನಾನು ಇಟ್ಟುಕೊಳ್ಳುವ ಅಳತೆ ಸುಮಾರು 1500 ಪದ. ಅಷ್ಟರಲ್ಲಿ ಇಬ್ಬರು ಪ್ರೀತಿಸಲು ಶುರು ಮಾಡಿದ್ದನ್ನು ಹೇಳಲು ಜಾಗ ಇಲ್ಲ. ಪ್ರೀತಿ ಆಗಲೇ ಇದೆ. ಇಬ್ಬರಲ್ಲಿ ಒಬ್ಬರಿಗಾದರೂ ಅದು ಗೊತ್ತಿದೆ. ಆ ದಿನ ಒಬ್ಬರು ಇನ್ನೊಬ್ಬರಿಗಾಗಿ ಒಂದು ಕೆಲಸ ಮಾಡುತ್ತಾರೆ. ಮಾಡಿದ ಮೇಲೆ ಮೊದಲಿನ ಹಾಗೆ ಇರಲು ಆಗುವುದಿಲ್ಲ. ಆ ಒಂದು ಕೆಲಸವೇ ಕಥೆ. ಉಳಿದದ್ದೆಲ್ಲ ಅದರ ಸುತ್ತಮುತ್ತ.

ಈಗ ಪರದೆ ಮೇಲೆ ನನ್ನ ನೋಟ್‌ಬುಕ್ ಇದೆ. ಈ ತಿಂಗಳು ಬರೆಯುತ್ತಿರುವ ಕಥೆಯನ್ನೇ ತೆಗೆದುಕೊಳ್ಳೋಣ. ಊರು ಸಾಗರ. ಮಳೆಗಾಲ. ಸುಜಾತ ಲೇಡೀಸ್ ಟೈಲರ್, ಮಾರಿಗುಡಿ ಕಡೆಯ ಒಂದು ಓಣಿಯಲ್ಲಿ ಸಣ್ಣ ಅಂಗಡಿ. ಮಂಜುನಾಥ ಮೆಸ್ಕಾಂ ಲೈನ್‌ಮನ್. ಮಲೆನಾಡಿನ ಮಳೆಗಾಲದಲ್ಲಿ ಲೈನ್‌ಮನ್ ಅಂದರೆ ಎಷ್ಟು ಮುಖ್ಯ ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಗಾಳಿ ಬಂದರೆ ಮರ ಬೀಳುತ್ತದೆ, ಮರ ಬಿದ್ದರೆ ತಂತಿ ಹರಿಯುತ್ತದೆ, ಊರಿಗೆ ಊರೇ ಕತ್ತಲೆ. ಸುಜಾತಳ ಮಿಷನ್‌ಗೆ ಮೋಟಾರ್ ಇದೆ. ಕರೆಂಟ್ ಹೋದರೆ ಬೆಲ್ಟ್ ಹಾಕಿ ಕಾಲಿನಲ್ಲಿ ತುಳಿಯಬಹುದು. ಆದರೆ ನಿಧಾನ, ಮೋಡ ಕವಿದ ಹಗಲಲ್ಲಿ ದಾರ ಸರಿಯಾಗಿ ಕಾಣುವುದಿಲ್ಲ, ಇಸ್ತ್ರಿ ಪೆಟ್ಟಿಗೆ ಅಂತೂ ಬಿಸಿಯೇ ಆಗುವುದಿಲ್ಲ.

ಮಂಜುನಾಥ ಏನು ಮಾಡುತ್ತಾನೆ? ಅವಳ ಓಣಿಗೆ ಮೊದಲು ಕರೆಂಟ್ ಕೊಡುತ್ತಾನಾ? ಇಲ್ಲ. ಹಾಗೆ ಮಾಡಿದರೆ ಅವನ ಮೇಲೆ ನನಗೇ ಗೌರವ ಇರುವುದಿಲ್ಲ. ಓಣಿಯಲ್ಲಿ ಹೋಗುವಾಗ ಬೈಕ್ ನಿಲ್ಲಿಸಿ, ಇಳಿಯದೆ, ಒಂದು ಮಾತು ಹೇಳುತ್ತಾನೆ: "ನಾಳೆ ಹತ್ತರಿಂದ ಐದರವರೆಗೆ ಕರೆಂಟ್ ಇರಲ್ಲ. ಜರೂರಿನದು ಇದ್ದರೆ ಇವತ್ತೇ ಮುಗಿಸಿಕೊಳ್ಳಿ." ಅಷ್ಟೇ. ಎರಡು ಮಳೆಗಾಲದಿಂದ ಅವನು ಇದನ್ನು ತಪ್ಪದೆ ಹೇಳುತ್ತಾ ಬಂದಿದ್ದಾನೆ. ಪಕ್ಕದ ಕಿರಾಣಿ ಅಂಗಡಿಯವನಿಗೆ ಹೇಳುವುದಿಲ್ಲ. ಎದುರಿನ ಕ್ಷೌರದ ಅಂಗಡಿಗೆ ಹೇಳುವುದಿಲ್ಲ. ಓದುಗರು ಇದನ್ನು ತಾವೇ ಕಂಡುಕೊಂಡಾಗ ಅವರಿಗೆ ಆಗುವ ಖುಷಿಯೇ ಬೇರೆ. "ಅವನು ಅವಳನ್ನು ಮನಸಾರೆ ಪ್ರೀತಿಸುತ್ತಿದ್ದ" ಅಂತ ನಾನು ಬರೆದರೆ ಆ ಖುಷಿಯನ್ನು ಅವರಿಂದ ಕಿತ್ತುಕೊಂಡ ಹಾಗೆ.

ಅವಳ ಕಡೆಯಿಂದಲೂ ಏನೋ ಬೇಕು. ಸುಜಾತ ಅಂಗಡಿಗೆ ಬರುವವರನ್ನೆಲ್ಲ ಅಣ್ಣ, ಅಕ್ಕ, ಅಮ್ಮ ಅಂತ ಮಾತಾಡಿಸುತ್ತಾಳೆ. ಗ್ಯಾಸ್ ತರುವವನು ಅಣ್ಣ, ದಾರದ ಬಾಕ್ಸ್ ತರುವವನು ಅಣ್ಣ. ಮಂಜುನಾಥನನ್ನು ಮಾತ್ರ ಏನೂ ಕರೆಯುವುದಿಲ್ಲ. ಇದನ್ನು ಕಥೆಯಲ್ಲಿ ವಿವರಿಸಬಾರದು. ಇನ್ನಿಬ್ಬರನ್ನು ಅವಳು ಅಣ್ಣ ಅನ್ನುವುದನ್ನು ತೋರಿಸಿ, ಇವನ ಹತ್ತಿರ ಅವಳ ಮಾತು ನೇರವಾಗಿ ಶುರುವಾದರೆ ಸಾಕು. ಸಣ್ಣ ಊರಿನಲ್ಲಿ ಬೆಳೆದವರು ತಕ್ಷಣ ಹಿಡಿಯುತ್ತಾರೆ.

ಇನ್ನು ಅಡ್ಡಿ. ಪ್ರೇಮಕಥೆಯಲ್ಲಿ ನಾನು ಜಾಸ್ತಿ ಹೊತ್ತು ಕೂರುವುದು ಇಲ್ಲಿಯೇ. ಸುಲಭದ ದಾರಿ ಅಂದರೆ ಒಬ್ಬ ಕೋಪಿಷ್ಠ ಅಪ್ಪ, ಇಲ್ಲವೇ ಕೆಟ್ಟ ವರ. ಅಪ್ಪ ಕೆಟ್ಟವನಾದರೆ ಹುಡುಗಿ ಯೋಚಿಸುವ ಅಗತ್ಯವೇ ಇಲ್ಲ, ಓದುಗರೂ ಯೋಚಿಸುವುದಿಲ್ಲ. ಹಾಗಾಗಿ ಅಡ್ಡಿ ಒಳ್ಳೆಯದಾಗಿರಬೇಕು. ಸುಜಾತಳಿಗೆ ಹುಬ್ಬಳ್ಳಿಯಿಂದ ಒಂದು ಸಂಬಂಧ ಬಂದಿದೆ. ಹುಡುಗನಿಗೆ ಕಾಯಂ ಕೆಲಸ, ಸ್ವಂತ ಮನೆ, ವರದಕ್ಷಿಣೆಯ ಮಾತೇ ಎತ್ತಿಲ್ಲ. ಮದುವೆಯಾದ ಮೇಲೆ ಹೊಲಿಗೆ ಬಿಡಬೇಕಾಗಿಲ್ಲ, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ ಹಾಕಿಕೊಡುತ್ತೇವೆ ಅಂದಿದ್ದಾರೆ. ಎರಡು ವರ್ಷದಿಂದ ಮಂಡಿ ನೋವಿನಲ್ಲೂ ಮಗಳಿಗಾಗಿ ಓಡಾಡುತ್ತಿರುವ ಅಮ್ಮನಿಗೆ ಇದಕ್ಕಿಂತ ಇನ್ನೇನು ಬೇಕು? ಈ ಭಾನುವಾರ ಹೆಣ್ಣು ನೋಡಲು ಬರುತ್ತಾರೆ. ಈಗ ಅವಳಿಗೆ ನಿಜವಾಗಿ ಕಷ್ಟ. ಬೇಡ ಅನ್ನಲು ಬಾಯಲ್ಲಿ ಹೇಳಬಹುದಾದ ಒಂದು ಕಾರಣವೂ ಅವಳ ಹತ್ತಿರ ಇಲ್ಲ.

ಈ ವಿಷಯದಲ್ಲಿ ನಮ್ಮ ಭಾಷೆಯಲ್ಲೇ ದೊಡ್ಡ ಪಾಠ ಇದೆ. ತ್ರಿವೇಣಿ ಬದುಕಿದ್ದು 1928ರಿಂದ 1963ರವರೆಗೆ, 35 ವರ್ಷವೂ ತುಂಬಿರಲಿಲ್ಲ. ಅಷ್ಟರಲ್ಲಿ ಹೆಣ್ಣಿನ ಮನಸ್ಸಿನೊಳಗೆ ನಡೆಯುವುದನ್ನೇ ಕಾದಂಬರಿಯ ಮುಖ್ಯ ಘಟನೆ ಮಾಡಿ ತೋರಿಸಿದರು. ಹೊರಗೆ ಬಾಗಿಲು ಬಡಿಯುವ ಅಪ್ಪ ಇಲ್ಲದಿದ್ದರೂ ಒಳಗೆ ಎಷ್ಟು ದೊಡ್ಡ ಜಗಳ ನಡೆಯಬಹುದು ಅಂತ ಗೊತ್ತಾಗಬೇಕಾದರೆ ಅವರನ್ನು ಓದಬೇಕು.

ಸರಿ, ಕಥೆ ಎಲ್ಲಿಂದ ಶುರು ಮಾಡುವುದು? ಮೊದಲ ಭೇಟಿಯಿಂದಲ್ಲ. ಮಳೆಯ ವರ್ಣನೆಯಿಂದ ಅಂತೂ ಬೇಡ. ಆ ಒಂದು ಕೆಲಸ ನಡೆಯುವ ದಿನ, ಅದಕ್ಕೆ ಆದಷ್ಟು ಹತ್ತಿರ. ನನ್ನ ಮೊದಲ ಸಾಲುಗಳು ಹೀಗಿವೆ:

"ಶುಕ್ರವಾರ ಹನ್ನೊಂದು ಗಂಟೆಗೆ ಸುಜಾತ ಅರ್ಧ ಹೊಲಿದ ಬ್ಲೌಸನ್ನು ಮಡಿಸಿ ಪಕ್ಕಕ್ಕಿಟ್ಟಳು. ಮಿಷನ್‌ನ ಸೂಜಿ ಬಿಚ್ಚಿದಳು. 14 ತೆಗೆದು 16 ಹಾಕಿದಳು. ಕರೆಂಟ್ ಇರಲಿಲ್ಲ. ಕಾಲಿನಲ್ಲೇ ತುಳಿಯಬೇಕಿತ್ತು."

ಬ್ಲೌಸ್ ಬಟ್ಟೆಗೆ 14ರ ಸೂಜಿ ಸಾಕು. ದಪ್ಪ ಖಾಕಿಗೆ 16 ಬೇಕು. ಅವಳ ತೊಡೆಯ ಮೇಲೆ ಇರುವುದು ಮಂಜುನಾಥನ ಖಾಕಿ ಅಂಗಿ. ಜೇಬಿನಲ್ಲಿ ಟೆಸ್ಟರ್ ಇಟ್ಟು ಇಟ್ಟು ಕೆಳಗೆ ತೂತಾಗಿದೆ. ಯಾರೋ ಕೈಯಲ್ಲಿ ಕಪ್ಪು ದಾರ ಹಾಕಿ ಹೊಲಿದಿದ್ದಾರೆ, ಅದೂ ಬಿಟ್ಟಿದೆ. ಹಿಂದಿನ ದಿನ ಅವನು ತನ್ನ ಅಮ್ಮನ ಅಳತೆ ಬ್ಲೌಸ್ ಕೊಡಲು ಬಂದಾಗ ಅವಳ ಕಣ್ಣಿಗೆ ಬಿದ್ದದ್ದು ಆ ಕಪ್ಪು ದಾರ.

"ಆ ಅಂಗಿ ತಂದುಕೊಡಿ."

"ಗಂಡಸರ ಬಟ್ಟೆ ಹೊಲಿಯಲ್ಲ ಅಂತ ಬೋರ್ಡ್ ಇದೆ."

"ಹೊಲಿಯಲ್ಲ. ಇದು ರಿಪೇರಿ."

ಈ ಮೂರು ಸಾಲು ನನಗೆ ತುಂಬಾ ಇಷ್ಟ. ನಮ್ಮ ಊರುಗಳಲ್ಲಿ ಪ್ರೀತಿಸುವವರು ಹೀಗೇ ಮಾತಾಡುತ್ತಾರೆ. ಬೋರ್ಡ್ ಬಗ್ಗೆ, ಬಸ್ಸಿನ ಬಗ್ಗೆ, ಅಮ್ಮನ ಶುಗರ್ ಬಗ್ಗೆ. ಹೇಳಬೇಕಾದ ಒಂದು ಮಾತು ಬಿಟ್ಟು ಬೇರೆ ಎಲ್ಲದರ ಬಗ್ಗೆ. ಸಂಭಾಷಣೆ ಬರೆಯುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಮಾತನ್ನು ಅಂಗಡಿಯಲ್ಲಿ ಕೂತ ಮೂರನೆಯವರು ಕೇಳಿಸಿಕೊಂಡರೆ ಅವರಿಗೆ ಅನುಮಾನ ಬರುತ್ತದಾ? ಬರಬಾರದು. ಓದುಗರಿಗೆ ಮಾತ್ರ ಗೊತ್ತಾಗಬೇಕು.

ಈಗ ನೋಡುತ್ತಿರುವುದು ನಮ್ಮ ಬೀದಿಯ ಟೈಲರ್ ಅಂಗಡಿ. ಅಂಗಡಿಯ ಅಕ್ಕ ಮುಖ ತೋರಿಸುವುದು ಬೇಡ ಅಂದರು, ಕೈ ಮಾತ್ರ ತೋರಿಸುತ್ತಿದ್ದೇನೆ. ಪ್ರೇಮಕಥೆ ತಾನೇ, ಇಷ್ಟೆಲ್ಲ ವಿವರ ಯಾಕೆ ಅಂತ ಕೆಲವರು ಕೇಳುತ್ತಾರೆ. ಯಾಕೆಂದರೆ ಸುಜಾತಳ ಪ್ರೀತಿ ಇರುವುದೇ ಅವಳ ಕೆಲಸದಲ್ಲಿ. ಅಕ್ಕ ತೋರಿಸಿದ್ದು ನೋಡಿ: ತೂತನ್ನು ಸುಮ್ನೆ ಮುಚ್ಚಿದರೆ ಟೆಸ್ಟರ್‌ನ ತುದಿ ತಿಂಗಳೊಳಗೆ ಮತ್ತೆ ಹೊರಗೆ ಬರುತ್ತದೆ. ಜೇಬನ್ನು ಪೂರ್ತಿ ಬಿಚ್ಚಬೇಕು. ಒಳಗಡೆ ಇನ್ನೊಂದು ಪದರ ದಪ್ಪ ಬಟ್ಟೆ ಕೊಡಬೇಕು. ಟೆಸ್ಟರ್ ಅಲ್ಲಾಡದ ಹಾಗೆ ಉದ್ದಕ್ಕೆ ಒಂದು ಹೊಲಿಗೆ ಹಾಕಿ ಸಣ್ಣ ಮನೆ ಮಾಡಬೇಕು. ಆಮೇಲೆ ಜೇಬನ್ನು ಹಳೆಯ ಗುರುತಿನ ಮೇಲೆಯೇ ಕೂರಿಸಿ ಎರಡು ಸಾಲು ಹೊಲಿಗೆ. ಬಿಡಿಸಿ ಹೊಲಿಯಲು ಅರ್ಧ ಗಂಟೆಯಾದರೂ ಬೇಕು. ಹೆಣ್ಣು ನೋಡಲು ಎರಡೇ ದಿನ ಇರುವಾಗ ಸುಜಾತ ಅಷ್ಟು ಹೊತ್ತು ಒಂದು ಜೇಬಿಗೆ ಕೊಡುತ್ತಾಳೆ. ಇದರ ಮುಂದೆ ಹತ್ತು ಸಾಲಿನ ಪ್ರೇಮಪತ್ರ ಇಟ್ಟರೂ ನಿಲ್ಲುವುದಿಲ್ಲ ಅಂತ ನನ್ನ ನಂಬಿಕೆ.

ಮಂಜುನಾಥನ ಕೆಲಸದ ಬಗ್ಗೆಯೂ ಹೀಗೆಯೇ. ಲೈನ್ ಮೇಲೆ ಕೆಲಸ ಮಾಡುವ ಮೊದಲು ವಿದ್ಯುತ್ ಸಬ್‌ಸ್ಟೇಷನ್‌ನಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳಬೇಕು. ಈ ಲೈನ್‌ಗೆ ಕರೆಂಟ್ ನಿಲ್ಲಿಸಿದ್ದೇವೆ, ನೀವು ಹತ್ತಬಹುದು ಅನ್ನುವ ಒಪ್ಪಿಗೆ. ಕೆಲಸ ಮುಗಿದ ಮೇಲೆ ಎಲ್ಲರೂ ಕೆಳಗಿಳಿದು ಅದನ್ನು ವಾಪಸ್ ಕೊಟ್ಟರೆ ಮಾತ್ರ ಊರಿಗೆ ಕರೆಂಟ್ ಬರುತ್ತದೆ. ಹಾಗಾದರೆ ಸಂಜೆ ಐದಕ್ಕೆ ಅಂಗಡಿಯ ಬಲ್ಬ್ ಹತ್ತಿಕೊಂಡಿತು ಅಂದರೆ ಅವನು ಕ್ಷೇಮವಾಗಿ ಕಂಬದಿಂದ ಇಳಿದಿದ್ದಾನೆ ಅಂತ ಅರ್ಥ. ಸುಜಾತಳಿಗೆ ಅದು ಗೊತ್ತು. ಅವಳು ಬಲ್ಬ್ ನೋಡುತ್ತಾಳೆ, ಮತ್ತೆ ಬಟ್ಟೆ ನೋಡುತ್ತಾಳೆ. ಈ ಒಂದು ಸಾಲು ಎಲ್‌ಸಿ ಬಗ್ಗೆ ಗೊತ್ತಿಲ್ಲದಿದ್ದರೆ ಬರೆಯಲು ಸಾಧ್ಯವೇ ಇರಲಿಲ್ಲ.

ಅವನು ಅಂಗಿ ತೆಗೆದುಕೊಳ್ಳಲು ಬರುತ್ತಾನೆ. ಜೇಬಿನೊಳಗೆ ಬೆರಳು ಹಾಕಿ ನೋಡುತ್ತಾನೆ.

"ಎಷ್ಟಾಯ್ತು?"

"ನಾಳೆ ಕರೆಂಟ್ ಇರುತ್ತಾ?"

"ಇರುತ್ತೆ."

ಅವನು ಹೋದ ಮೇಲೆ ಮನೆಯೊಳಗಿಂದ ಅಮ್ಮನ ದನಿ: "ಸುಜಿ, ಭಾನುವಾರಕ್ಕೆ ನಿನ್ನ ಬ್ಲೌಸ್ ಆಯ್ತಾ?" ಬೆಳಗ್ಗೆ ಹನ್ನೊಂದಕ್ಕೆ ಅವಳು ಪಕ್ಕಕ್ಕಿಟ್ಟ ಬ್ಲೌಸ್ ಯಾರದು ಅಂತ ಓದುಗರಿಗೆ ಈಗ ತಿಳಿಯುತ್ತದೆ. "ಇಲ್ಲಮ್ಮ" ಅನ್ನುತ್ತಾಳೆ. ಕಥೆ ಅಲ್ಲಿಗೆ ಮುಗಿಯಿತು.

ಮುಂದೆ ಮದುವೆಯಾಯಿತಾ ಅಂತ ಕೇಳುವವರಿದ್ದಾರೆ. ಕೇಳಲಿ, ಅದು ಒಳ್ಳೆಯದು. ಪತ್ರಿಕೆ ಮುಚ್ಚಿದ ಮೇಲೂ ಅವರಿಬ್ಬರ ಬಗ್ಗೆ ಯಾರೋ ಯೋಚಿಸುತ್ತಿದ್ದಾರೆ ಅಂತ ಆಯಿತಲ್ಲ. ಹಾಗಂತ ಕೊನೆಯನ್ನು ಬೇಕೆಂದೇ ಮಬ್ಬಾಗಿಸಬಾರದು. ಸುಜಾತ ಏನು ತೀರ್ಮಾನ ಮಾಡಿದಳು ಅನ್ನುವುದು ಸ್ಪಷ್ಟ ಇರಬೇಕು. ಅದರಿಂದ ಏನೇನಾಯಿತು ಅನ್ನುವುದನ್ನು ಬಿಟ್ಟರೆ ನಡೆಯುತ್ತದೆ.

ಒಂದು ಮಾತು ಸೇರಿಸುತ್ತೇನೆ. ಪ್ರೇಮಕಥೆ ಅಂದರೆ ಮದುವೆಗೆ ಮುಂಚಿನದು ಮಾತ್ರ ಅಂದುಕೊಳ್ಳಬೇಡಿ. 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ಮೈಸೂರ ಮಲ್ಲಿಗೆಯಲ್ಲಿ ಇರುವುದು ಗಂಡ ಹೆಂಡತಿಯ ಪ್ರೀತಿ, ತವರಿನ ಮಾತು, ಹುಸಿ ಮುನಿಸು. ಕನ್ನಡದ ಎಷ್ಟೋ ಮನೆಗಳಲ್ಲಿ ಆ ಸಾಲುಗಳು ಇವತ್ತಿಗೂ ಬಾಯಿಗೆ ಬರುತ್ತವೆ. ನಲವತ್ತು ವರ್ಷ ಜೊತೆಗಿದ್ದವರ ಬಗ್ಗೆ, ಐವತ್ತರ ನಂತರ ಸಿಕ್ಕವರ ಬಗ್ಗೆ ಒಳ್ಳೆಯ ಕಥೆ ಬಂದರೆ ನಾನಂತೂ ಮೊದಲು ಅದನ್ನೇ ಓದುತ್ತೇನೆ.

ಕಳಿಸುವ ವಿಷಯ ಚುಟುಕಾಗಿ ಹೇಳುತ್ತೇನೆ. ಮುಂಚೆ ಕಥೆಯ ಜೊತೆ ಸ್ಟಾಂಪ್ ಹಚ್ಚಿ ನಮ್ಮದೇ ವಿಳಾಸ ಬರೆದ ಲಕೋಟೆ ಇಡುತ್ತಿದ್ದರು, ಹಿಡಿಸದಿದ್ದರೆ ವಿಷಾದ ಪತ್ರದ ಜೊತೆ ವಾಪಸ್ ಬರಲಿ ಅಂತ. ಈಗ ಇ-ಮೇಲ್. ನುಡಿ ತಂತ್ರಾಂಶದಲ್ಲಿ ಬೇಕೋ ಯುನಿಕೋಡ್‌ನಲ್ಲಿ ಬೇಕೋ, ಎಷ್ಟು ಪದ ಅನ್ನುವುದನ್ನು ಆ ಪತ್ರಿಕೆಯಲ್ಲೇ ನೋಡಿಕೊಳ್ಳಿ. ಒಂದೇ ಕಥೆಯನ್ನು ಒಂದೇ ಸಲ ಎರಡು ಕಡೆ ಕಳಿಸಬೇಡಿ. ಯುಗಾದಿ, ದೀಪಾವಳಿ ವಿಶೇಷಾಂಕಕ್ಕೆ ಅಂತಿದ್ದರೆ ಹಬ್ಬಕ್ಕೆ ತಿಂಗಳುಗಳ ಮುಂಚೆಯೇ ಸಿದ್ಧವಾಗಿರಲಿ. ಇನ್ನೊಂದು, ಕಥೆಯ ಜೊತೆ ಚಿತ್ರ ಬರೆಯುವ ಕಲಾವಿದರನ್ನು ನೆನಪಿಡಿ. ಅವರಿಗೆ ಬರೆಯಲು ಒಂದು ದೃಶ್ಯ ಸಿಗಬೇಕು. ಬರೀ ಯೋಚನೆಗಳೇ ಇದ್ದರೆ ಅವರು ಏನು ಬರೆಯಬೇಕು? ನನ್ನ ಕಥೆಗಾದರೆ ಮಿಷನ್ ಮುಂದೆ ಖಾಕಿ ಅಂಗಿ ಹಿಡಿದ ಹುಡುಗಿ ಇದ್ದಾಳೆ. ಕೊನೆಯ ಗುಟ್ಟು ಮಾತ್ರ ಚಿತ್ರದಲ್ಲೇ ಬಯಲಾಗುವ ಹಾಗೆ ಇರಬಾರದು. ಅದಕ್ಕೇ ಆ ಬ್ಲೌಸಿಗೆ ಯಾವ ಬಣ್ಣವನ್ನೂ ಕೊಟ್ಟಿಲ್ಲ.

ಈ ವಾರದ ಕೊನೆಗೆ ಕಥೆ ಕಳಿಸುತ್ತಿದ್ದೇನೆ. ಲೈನ್ ಮೇಲೆ ಕೆಲಸ ಮಾಡುವವರು, ಮನೆಯಲ್ಲಿ ಲೈನ್‌ಮನ್ ಇರುವವರು ಇದನ್ನು ನೋಡುತ್ತಿದ್ದರೆ, ಕೆಳಗಿಳಿದು ಎಲ್‌ಸಿ ವಾಪಸ್ ಕೊಡುವ ಹೊತ್ತಿನ ಬಗ್ಗೆ ನಿಮಗೆ ಹೇಳಬೇಕು ಅನ್ನಿಸಿದ್ದನ್ನು ಬರೆಯಿರಿ. ಶುಕ್ರವಾರದೊಳಗೆ ಬಂದರೆ ಆ ದೃಶ್ಯಕ್ಕೆ ಸೇರಿಸಿಕೊಳ್ಳುತ್ತೇನೆ.